ಬೆನ್ನ ಹಿಂದಿನ ಎಡಗೈ

ಬೆಸುಗೆಯ ಹೊಗೆ, ಅದೇ ವಾಸನೆ, ಮುದುಕಿಯ ಮೂಗಿಗೆ ಮೊದಲು ಗೊತ್ತಾಗುತ್ತದೆ, ಮನಸ್ಸಿಗೆ ಆಮೇಲೆ — ಗಂಡ ಇದ್ದಾಗ ಈ ಕೋಣೆಯ ಪರದೆಗೂ ಇದೇ ನಾತ, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಈಗ ಅವನ ಮೇಜಿಗೆ ಬಗ್ಗಿ ನಿಂತವಳು ಸೊಸೆ, ಬಲಗೈಯಲ್ಲಿ ಮೀಟರಿನ ಕಡ್ಡಿ, ಎಡಗೈ ಬೆನ್ನ ಹಿಂದೆ, ಥೇಟ್ ಅವನೇ, ಹಾಡು ಕೇಳುವ ಈ ವಾಲ್ವ್ ಆಂಪ್ಲಿಫೈಯರಿನ ಹೊಟ್ಟೆಗೆ ಒಂದೇ ಕೈ ಹಾಕಬೇಕು, ಎರಡೂ ಹಾಕಿದರೆ ಕರೆಂಟು ಎದೆ ಹಾದು ಹೋಗುತ್ತದೆ ಎಂದು ಇವಳಿಗೆ ಕಲಿಸಿದವನೂ ಅವನೇ, ಸ್ವಂತ ಮಗ ಫ್ಯೂಸು ಹಾಕಲೂ ಹೆದರುತ್ತಾನೆ, ಪುಕ್ಕಲ. ಮದುವೆಯಾದ ಹೊಸತರಲ್ಲಿ ಕಳ್ಳಹೆಜ್ಜೆಯಿಟ್ಟು ಬಂದು ಗಂಡನ ಆ ಖಾಲಿ ಅಂಗೈಗೆ ಪೆಪ್ಪರಮಿಂಟ್ ಇಟ್ಟರೆ ಬೆಚ್ಚಿಬೀಳುತ್ತಿದ್ದ, ಕೈ ಮುಗೀತೀನಿ ಕಣೇ, ಕರೆಂಟ್ ಇದ್ದಾಗ ಮುಟ್ಟಬೇಡ, ಅನ್ನುತ್ತಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಈ ಪೆಟ್ಟಿಗೆಗೆಂದೇ ಅವನು ಮೂರು ತಿಂಗಳು ಕೂತು, ಕೂದಲೆಳೆಯಂಥ ತಂತಿಯನ್ನು ಎಣಿಸೆಣಿಸಿ ಕೈಯಾರೆ ಸುತ್ತಿದ ಟ್ರಾನ್ಸ್‌ಫಾರ್ಮರು, ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅದನ್ನು ಸುಟ್ಟವಳು ತಾನೇ ಅಲ್ಲವೇ, ಅವನು ಹೋಗಿ ಏಳು ವರ್ಷಕ್ಕೆ ಧೂಳು ಒರೆಸಿ, ಒಂದು ಸಲ ಕೇಳೋಣವೆಂದು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿದಳು, ಢಪ್, ಹೊಗೆ, ಬಟ್ಟೆ ಹೊದಿಸಿ ಸುಮ್ಮನಾದಳು, ನಾಲ್ಕು ವರ್ಷ, ಕಳೆದ ತಿಂಗಳು ಸೊಸೆ ಬಟ್ಟೆ ಎತ್ತಿದಾಗಲೇ ಬಾಯಿಗೆ ಬಂದದ್ದು, ನಾನೇ ಕಣಮ್ಮ. ಹುಡುಗಿ ಬೈಯಲಿಲ್ಲ, ಸಿಡಿದ ಕೆಪಾಸಿಟರ್ ಕಿತ್ತು ತೋರಿಸಿದಳು, ಇದು ಮೊದಲೇ ಒಣಗಿ ಕೆಟ್ಟಿತ್ತು ಅತ್ತೆ, ಬೇರೆ ಹಾಕೋಣ, ಟ್ರಾನ್ಸ್‌ಫಾರ್ಮರ್ ಉಳಿದಿದೆಯೋ ಇಲ್ವೋ ಬಲ್ಬು ಹೇಳುತ್ತೆ. ಎಂಥ ಜಾಣೆ, ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಸಾದಾ ಬಲ್ಬು, ಒಳಗೆ ಸುಟ್ಟಿದ್ದರೆ ಧಗ್ಗನೆ ಉರಿದು ಹಾಗೇ ನಿಲ್ಲುತ್ತದಂತೆ, ಚೆನ್ನಾಗಿದ್ದರೆ ಹೊತ್ತಿ ಮಂಕಾಗುತ್ತದಂತೆ. ಉಸಿರು ಬಿಡಿ ಅತ್ತೆ, ಹೆರಿಗೆ ಕೋಣೆ ಹೊರಗೆ ನಿಂತ ಗಂಡಸರ ಹಾಗೆ ಆಡ್ತಿದ್ದೀರಲ್ಲ — ದನಿಯಲ್ಲಿ ನಗು, ಆದರೆ ಹಿಂದೆ ಕೂತವಳಿಗೆ ಕಾಣುವುದು ಆ ಎಡಗೈ, ಬಿಗಿದ ಮುಷ್ಟಿ, ಬೆಳ್ಳಗಾದ ಗೆಣ್ಣು, ಅಯ್ಯೋ, ಇವಳೂ ಹೆದರಿದ್ದಾಳೆ, ಹೆದರಿಕೊಂಡೇ ಇಷ್ಟು ಮಾಡಿದಳೇ ನನ್ನ ತಾಯಿ, ಹಾಕ್ತೀನಿ ಅತ್ತೆ, ಸ್ವಿಚ್ಚು, ಬಲ್ಬು ಧಗ್ಗೆಂದಿತು, ಉರಿಯುತ್ತಲೇ ಇದೆ, ಹೋಯಿತು, ಸುತ್ತಿದ್ದೆಲ್ಲ ಹೋಯಿತು — ಇಲ್ಲ, ಇಳಿಯುತ್ತಿದೆ, ಕೆಂಡದಷ್ಟು, ಕೆಂಡಕ್ಕಿಂತ ಮಂಕು, ವಾಲ್ವಿನೊಳಗೆ ಕೇಸರಿ ಎಳೆ, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್, ಕೇಳಿಸ್ತಾ ಅತ್ತೆ, ಕೇಳಿಸಿತು, ಡಬ್ಬಿಯಲ್ಲಿ ಪೆಪ್ಪರಮಿಂಟ್ ಇರಬೇಕು, ಈಗಲ್ಲ, ಕರೆಂಟಿದೆ, ಮುಟ್ಟಬಾರದು, ಬೆನ್ನ ಹಿಂದೆ ಮುಷ್ಟಿ ಸಡಿಲಾಗುತ್ತಿದೆ, ಒಂದೊಂದೇ ಬೆರಳು, ಅಂಗೈ, ತೆರೆದ ಅಂಗೈ, ಆ ಖಾಲಿ ಅಂಗೈ