ಸತ್ತವನ ಮಗುವಿಗೆ ಪಾಲು

ಜಟ್ಟಪ್ಪ ಸತ್ತು ಎರಡು ವರ್ಷಕ್ಕೆ ಅವನಿಗೆ ಗಂಡು ಮಗು ಹುಟ್ಟಿತು. ಊರಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ. ತೊಟ್ಟಿಲು ಕಟ್ಟಿದವನೇ ಜಟ್ಟಪ್ಪ.

ಅವನು ಸತ್ತದ್ದು ಎಪ್ಪತ್ತಾರರ ಮಳೆಗಾಲದಲ್ಲಿ. ಕಾರ್ಗಲ್ ಕಡೆ ಕೆಲಸಕ್ಕೆ ಹೋದವನ ಸುದ್ದಿಯೇ ಇರಲಿಲ್ಲ. ಅಷ್ಟರಲ್ಲಿ ಹಿನ್ನೀರಿನಲ್ಲಿ ಒಂದು ಹೆಣ ಸಿಕ್ಕಿತು. ಅಣ್ಣ ಕೆರಿಯಪ್ಪ ಓಡಿಹೋಗಿ, ಮುಖ ಸರಿಯಾಗಿ ನೋಡುವ ಮೊದಲೇ “ನನ್ನ ತಮ್ಮನೇ” ಎಂದು ಅತ್ತುಬಿಟ್ಟ. ತಿಥಿ ಮಾಡಿದ, ಊರಿಗೆಲ್ಲ ಊಟ ಹಾಕಿದ, ಹೊಸನಗರದ ಕಚೇರಿಗೆ ಹೋಗಿ ಮಕ್ಕಳಿಲ್ಲದ ತಮ್ಮನ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಆ ಮನುಷ್ಯನ ಚುರುಕನ್ನು ಮೆಚ್ಚಲೇಬೇಕು. ದೀಪಾವಳಿಗೆ ಜಟ್ಟಪ್ಪ ಬಸ್ಸಿಳಿದು ಬಂದಾಗ ಅಣ್ಣ ತಬ್ಬಿಕೊಂಡು ಮತ್ತೊಮ್ಮೆ ಅತ್ತ. ಗದ್ದೆಯನ್ನು ಮಾತ್ರ ತಿರುಗಿ ಕೊಡಲಿಲ್ಲ. ಜಟ್ಟಪ್ಪ ಕೇಳಲೂ ಇಲ್ಲ. ಅಣ್ಣನ ಮುಂದೆ ಅವನಿಗೆ ನಾಲಿಗೆಯೇ ಏಳುತ್ತಿರಲಿಲ್ಲ.

ಮಗು ಹುಟ್ಟಿದ ಮೇಲೆ ಹೆಂಡತಿ ಪುಷ್ಪಮ್ಮ ಸುಮ್ಮನಿರಲಿಲ್ಲ. ಊರ ಹಿರಿಯ ಹೂವಪ್ಪನವರನ್ನು ಮನೆಯ ಜಗುಲಿಗೆ ಕರೆಸಿ, ಮಗನ ಪಾಲು ಕೇಳಿದಳು.

ಕೆರಿಯಪ್ಪ ಎಲೆಯಡಿಕೆ ಜಗಿಯುತ್ತ ಹೇಳಿದ: “ಜಟ್ಟಪ್ಪ ಸತ್ತಿದ್ದು ಕಚೇರೀಲೇ ಬರ್ದಾಗಿದೆ. ಅಪ್ಪ ಸತ್ತ ಮೇಲೆ ಹೊಟ್ಟೇಲಿ ನಿಂತ ಕೂಸಿಗೆ ಎಂಥಾ ಪಾಲು? ಕಾನೂನು ಅಂದ್ರೆ ಕಾನೂನು.”

ಕಂಬಕ್ಕೊರಗಿ ಕೂತಿದ್ದ ಜಟ್ಟಪ್ಪನ ಮುಖವನ್ನು ಹೂವಪ್ಪನವರು ನೋಡಿದರು. ಅವನು ನೆಲ ನೋಡಿದ.

“ಆಯ್ತು ಭಾವ, ನೀವು ಹೇಳಿದ್ಹಂಗೇ ಆಗ್ಲಿ,” ಎಂದಳು ಪುಷ್ಪಮ್ಮ. “ನನ್ನ ಗಂಡ ಸತ್ತಿದಾರೆ. ಈ ಮನೇಲಿ ಬದುಕಿರೋ ಗಂಡಸು ನೀವೊಬ್ರೇ. ಹಂಗಾದ್ರೆ ಈ ಕೂಸು ಯಾರ್ದು? ನಿಮ್ಮ ಪಾಲಲ್ಲೇ ಕೊಟ್ಬಿಡಿ.”

ಒಳಗೆ ಮೀನು ಸಾರು ಕುದಿಸುತ್ತಿದ್ದ ಕೆರಿಯಪ್ಪನ ಹೆಂಡತಿ ಮಾಸ್ತಮ್ಮ ಸೌಟು ಹಿಡಿದೇ ಹೊರಬಂದಳು. ಕೂಸು ಜಟ್ಟಪ್ಪನದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೌಟು ಕೆಳಗಿಳಿಯಲಿಲ್ಲ.

“ಬದುಕಿದಾನೆ!” ಕೆರಿಯಪ್ಪ ಎದ್ದುನಿಂತು ಕೂಗಿದ. “ಅಲ್ನೋಡಿ, ಕೂತಿದಾನಲ್ಲ! ನಾಳೆನೇ ಕಚೇರಿಗೆ ಹೋಗಿ ಹೇಳ್ತೀನಿ!”

“ನಾನೂ ಬರ್ತೀನಿ,” ಎಂದರು ಹೂವಪ್ಪನವರು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ.

ಎಲ್ಲರೂ ಹೋದ ಮೇಲೆ ಜಟ್ಟಪ್ಪ ಮೆಲ್ಲಗೆ ಕೇಳಿದ: “ನಾಲ್ಕು ಜನರ ಮುಂದೆ ಹಂಗಂದ್ಯಲ್ಲೇ, ನನ್ನ ಮರ್ಯಾದೆ ಏನಾಗ್ಬೇಕು?”

ಆ ಮಾತನ್ನು ಬಾಯಿಗೆ ತರುವ ಮೊದಲು ಪುಷ್ಪಮ್ಮ ಎಷ್ಟು ಅತ್ತಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಈಗ ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು.

“ಮತ್ತೆ ನಂದು?” ಎಂದಳು. “ಬದುಕಿದೀನಿ ಅಂತ ಒಂದು ಮಾತು ನೀವೇ ಹೇಳಿದ್ರೆ ಸಾಕಿತ್ತಲ್ಲ.”