ದಪ್ಪ ತಂತಿಯವಳು

ಗಿಟಾರಿನ ಮೋಡುಗಳ, ಅಂದರೆ ಪಾಶ್ಚಾತ್ಯ ಸ್ವರಶ್ರೇಣಿಗಳ ಬಗ್ಗೆ ನನ್ನ ಅಣ್ಣ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲ. ಸುಮ್ಮನೆ ಕೇಳು ಎಂದರೆ ಮಾತ್ರ ಅರ್ಧ ನಿಮಿಷ ಕೂರಲಾರ. ಡೋರಿಯನ್, ಫ್ರಿಜಿಯನ್, ಲಿಡಿಯನ್ ಎಂದು ಅವನು ಒಂದೊಂದೇ ಹೆಸರು ಉದುರಿಸುವಾಗ ಎದುರಿಗಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಾನು ಅವನ ಎಡಕ್ಕೆ ಕೂತು ದಪ್ಪ ತಂತಿಯೊಂದನ್ನು ಮೀಟುತ್ತಿರುತ್ತಿದ್ದೆ. ಚಿಕ್ಕವಳಿದ್ದಾಗಿನಿಂದ ನನ್ನ ಜಾಗ ಅದೇ.

ಆ ಜಾಗ ಗೊತ್ತುಮಾಡಿದವನು ಅಪ್ಪ. ಅವನು ದೊಡ್ಡ ಹೋಟೆಲೊಂದರ ವಾದ್ಯವೃಂದದಲ್ಲಿ ಗಿಟಾರ್ ಬಾರಿಸುತ್ತಿದ್ದ. ಬೆಳಗ್ಗೆ ತಡವಾಗಿ ಎದ್ದು, ಮುಖ ತೊಳೆದು, ಮುಂದಿನ ಕೋಣೆಯ ಮಂಚದ ಮೇಲೆ ಅಣ್ಣನನ್ನು ಕೂರಿಸಿಕೊಂಡು ಪಾಠ ಶುರು ಮಾಡುತ್ತಿದ್ದ. ನಾನೂ ಕಲಿಯುತ್ತೇನೆ ಎಂದು ಒಂದು ದಿನ ರಚ್ಚೆ ಹಿಡಿದೆ. ಅಪ್ಪ ನಕ್ಕು, ಮೂಲೆಯಲ್ಲಿ ಬಿದ್ದಿದ್ದ ಹಳೇ ಗಿಟಾರನ್ನು ಒರೆಸಿ ನನ್ನ ತೊಡೆಯ ಮೇಲಿಟ್ಟ. ಅದರಲ್ಲಿ ದಪ್ಪನೆಯ ಎರಡು ತಂತಿಗಳು ಮಾತ್ರ ಉಳಿದಿದ್ದವು.

"ನೀನು ಇದೊಂದನ್ನ ಗುಂಯ್ ಅನ್ನಿಸ್ತಾ ಇರು. ಅಣ್ಣ ಅದರ ಮೇಲೆ ಬಾರಿಸ್ತಾನೆ."

"ಆಮೇಲೆ ನಾನು ಬಾರಿಸ್ಲಾ?"

"ಮೊದಲು ಅವನದ್ದಾಗ್ಲಿ."

ಅವನದ್ದು ಆಗಲೇ ಇಲ್ಲ. ಅಂದಿನಿಂದ ಮನೆಯಲ್ಲಿ ನನ್ನ ಹೆಸರೇ ಗುಂಯಿ ಎಂದಾಯಿತು. ಗುಂಯಿ, ಚಪ್ಪಲಿ ಒಳಗಿಡು. ಗುಂಯಿ, ಅಣ್ಣನಿಗೆ ನೀರು ಕೊಡು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಅವನು ಇಟ್ಟ ಹೆಸರು ಮಾತ್ರ ಗಟ್ಟಿಮುಟ್ಟಾಗಿದೆ.

ಆದರೆ ಮಂಚದ ಮೇಲೆ ಕೂತವನಿಗೆ ಅರ್ಥವಾಗದ ಒಂದು ವಿಷಯ ಅವನ ಎಡಕ್ಕೆ ಕೂತವಳಿಗೆ ಅರ್ಥವಾಯಿತು. ಅಣ್ಣ ಏಳು ಸ್ವರಗಳನ್ನು ಮೇಲಕ್ಕೂ ಕೆಳಕ್ಕೂ ಓಡಿಸುತ್ತಿದ್ದ. ಕೆಳಗೆ ನಾನು ಐದನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೂರನೇ ಪಟ್ಟಿಯಲ್ಲಿ ಬೆರಳಿಟ್ಟು ಮೀಟಿದರೆ ಆ ಏಳೂ ಹೊಸ ಬಟ್ಟೆ ಹಾಕಿಕೊಂಡ ಮಕ್ಕಳಂತೆ ಕುಣಿಯುತ್ತಿದ್ದವು. ಬೆರಳೆತ್ತಿ ಅದೇ ತಂತಿಯನ್ನು ಖಾಲಿ ಮೀಟಿದೆನೋ, ಅವೇ ಏಳು ಮುಖ ಬಾಡಿಸಿಕೊಂಡು ಕೂರುತ್ತಿದ್ದವು. ಅಣ್ಣನ ಬೆರಳು ಒಂದಿಷ್ಟೂ ಬದಲಾಗಿರುತ್ತಿರಲಿಲ್ಲ. ಏಳರಲ್ಲಿ ಯಾವುದನ್ನು ಮನೆ ಎಂದುಕೊಳ್ಳುತ್ತೇವೋ ಅದರ ಮೇಲೆ ಉಳಿದ ಆರರ ಗುಣ ನಿಂತಿರುತ್ತದೆ. ಮೋಡ್ ಎಂದರೆ ಇಷ್ಟೇ, ಮತ್ತು ಆ ಮನೆಯನ್ನು ಹಿಡಿದು ನಿಲ್ಲಿಸುವುದು ದಪ್ಪ ತಂತಿ. ಇಷ್ಟು ಹೇಳಲು ಅಣ್ಣನಿಗೆ ಬಿಳಿ ಹಲಗೆ, ಬಣ್ಣ ಬಣ್ಣದ ಪೆನ್ನು, ಬಾಣದ ಗುರುತುಗಳು ಎಲ್ಲ ಬೇಕು.

ನನಗೆ ಮೋಡುಗಳ ಹೆಸರುಗಳನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಇಟ್ಟುಕೊಂಡಿದ್ದೆ. ಅತ್ತ ದುಃಖವೂ ಅಲ್ಲದ ಇತ್ತ ಖುಷಿಯೂ ಅಲ್ಲದ ಒಂದಕ್ಕೆ ಒಣಗದ ಬಟ್ಟೆ. ಮೊದಲ ಹೆಜ್ಜೆಗೇ ಎದೆ ಧಸಕ್ಕೆನ್ನಿಸುವ ಇನ್ನೊಂದಕ್ಕೆ ಬೀಗ ಹಾಕಿದ ಬಾಗಿಲು. ಸದಾ ಏನನ್ನೋ ಇಣುಕಿ ನೋಡುವಂತಿದ್ದದ್ದು ತುದಿಗಾಲು. ಅಣ್ಣ ಆಡಲು ಹೋದಾಗ ಅವನ ಗಿಟಾರ್ ತೆಗೆದು, ಕೆಳಗಿನ ಸ್ವರವನ್ನು ಬಾಯಲ್ಲೇ ಗುನುಗುತ್ತಾ, ಒಂದೊಂದನ್ನೂ ಬಾರಿಸಿ ನೋಡುತ್ತಿದ್ದೆ. ನನ್ನ ಪಾಠಶಾಲೆ ಅಷ್ಟೇ.

ಅಣ್ಣ ಬೆಳೆದು ಸಂಗೀತ ಶಾಲೆಯೊಂದರಲ್ಲಿ ಗಿಟಾರ್ ವಿಭಾಗದ ಮುಖ್ಯಸ್ಥನಾದ. ನಾನು ವಾದ್ಯಗಳ ಅಂಗಡಿಗೆ ಸೇರಿದೆ. ಹೊಸ ತಂತಿ ಹಾಕುವುದು, ಶ್ರುತಿ ಮಾಡುವುದು, ಕೊಳ್ಳಲು ಬಂದವರ ಕೈಗೆ ಗಿಟಾರ್ ಕೊಟ್ಟು ಅವರು ಬಾರಿಸುವುದನ್ನು ಸಹಿಸಿಕೊಳ್ಳುವುದು. ಅಣ್ಣನ ಕಾರ್ಯಕ್ರಮಗಳಿದ್ದರೆ ಸಂಜೆ ಅವನ ಎಡಕ್ಕೆ ಹೋಗಿ ಕೂರುತ್ತಿದ್ದೆ. ಅವನ ಶಾಲೆಗೆ ಇನ್ನೊಬ್ಬ ಗಿಟಾರ್ ಶಿಕ್ಷಕರು ಬೇಕಂತೆ ಎಂದು ಕಿವಿಗೆ ಬಿದ್ದ ದಿನವೇ ಅರ್ಜಿ ಹಾಕಿದೆ. ಆ ಕೆಲಸ ನನಗೆ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬದುಕಿನಲ್ಲಿ ಬೇರೆ ಯಾವುದನ್ನೂ ಅಷ್ಟು ಆಸೆಪಟ್ಟವಳಲ್ಲ. ನನ್ನದೇ ಒಂದು ಕೋಣೆ, ಎದುರಿಗೆ ಕಲಿಯಲು ಬಂದ ನಾಲ್ಕು ಜನ, ನನ್ನ ಕೈಯಲ್ಲಿ ಆರೂ ತಂತಿಗಳು.

"ನೀನಾ?" ಎಂದ ಅಣ್ಣ. "ನಿಂಗೆ ಹೆಸರುಗಳೇ ಗೊತ್ತಿಲ್ವಲ್ಲೇ."

"ಕಲ್ತಿದ್ದೀನಿ."

"ಸರಿ ಬಿಡು. ನಾನು ಪಕ್ಕದಲ್ಲೇ ಇರ್ತೀನಿ, ಹೆದರ್ಕೋಬೇಡ."

ನಾನು ಹೆದರಿದ್ದೇನೆ ಎಂದು ಅವನಿಗೆ ಯಾರು ಹೇಳಿದ್ದರೋ ದೇವರೇ ಬಲ್ಲ.

ಸಂದರ್ಶನ ನಡೆದದ್ದು ಪಿಯಾನೊ ಇಟ್ಟಿದ್ದ ದೊಡ್ಡ ಕೋಣೆಯಲ್ಲಿ. ಮೇಜಿನ ಹಿಂದೆ ಪ್ರಾಂಶುಪಾಲೆ ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಹಾಡುಗಾರಿಕೆಯ ಮೇಷ್ಟ್ರು. ಕೇಳಿದ ಹೆಸರುಗಳನ್ನೆಲ್ಲ ಸರಿಯಾಗಿ ಹೇಳಿದೆ. ಆಮೇಲೆ ಪ್ರಾಂಶುಪಾಲೆ, "ಯಾವುದಾದ್ರೂ ಒಂದು ಮೋಡ್ ತಗೊಂಡು ನಿಧಾನಕ್ಕೆ ಬಾರಿಸಿ. ಕೆಳಗಿನ ಸ್ವರ ನಿಮ್ಮಣ್ಣ ಹಿಡೀತಾರೆ," ಎಂದರು.

ಅಣ್ಣ ನನ್ನ ಎಡಕ್ಕೆ ಬಂದು ಕೂತ. ಹುಟ್ಟಿದ ಮೇಲೆ ಮೊದಲ ಸಲ ನಾವು ಜಾಗ ಬದಲಾಯಿಸಿದ್ದೆವು.

"ಅಣ್ಣ, ನಾಲ್ಕನೇ ತಂತಿ. ಖಾಲಿ. ಅದೊಂದೇ. ಬೇರೆ ಏನೂ ಮುಟ್ಬೇಡ."

"ಗೊತ್ತು ಮಾರಾಯ್ತಿ, ನಂಗೇ ಹೇಳಿಕೊಡ್ತೀಯಾ?"

ಶುರು ಮಾಡಿದೆ. ಒಣಗದ ಬಟ್ಟೆ. ಒಂದೊಂದು ಸ್ವರವನ್ನೂ ಅವನ ನಾಲ್ಕನೇ ತಂತಿಯ ಮೇಲೆ ಇಟ್ಟು, ಅದು ಅಲ್ಲಿ ಹೇಗೆ ಕೂರುತ್ತದೆಂದು ತೋರಿಸಿ, ಮುಂದಿನದಕ್ಕೆ ಹೋಗುತ್ತಿದ್ದೆ. ಮೇಷ್ಟ್ರ ತಲೆ ನಿಧಾನಕ್ಕೆ ತೂಗತೊಡಗಿತು. ಅಷ್ಟರಲ್ಲಿ ಕಾಲ ಕೆಳಗಿನ ನೆಲ ಸರಿಯಿತು. ಅಣ್ಣ ಐದನೇ ತಂತಿಗೆ ಹೋಗಿದ್ದ. ಓರೆಗಣ್ಣಿನಲ್ಲಿ ನೋಡಿದೆ. ಅವನು ಕಿಟಕಿಯಾಚೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದುದನ್ನು ನೋಡುತ್ತಿದ್ದ.

ಬಾರಿಸುತ್ತಿದ್ದ ಸಾಲನ್ನು ಅಲ್ಲೇ ಬಿಟ್ಟರೆ ತಪ್ಪು ನನ್ನದೆಂದು ಕಾಣುತ್ತದೆ. ಹಲ್ಲು ಕಚ್ಚಿ ಅವನ ಐದನೇ ತಂತಿಯನ್ನೇ ಮನೆ ಮಾಡಿಕೊಂಡೆ. ಅವೇ ಸ್ವರಗಳನ್ನು ದುಃಖಕ್ಕೆ ತಿರುಗಿಸಿ, ಬೇಕೆಂದೇ ಇಲ್ಲಿಗೆ ಬಂದವಳಂತೆ ಬಾರಿಸಿದೆ. ಇನ್ನೇನು ಉಸಿರು ಬಿಡಬೇಕು, ಆರನೇ ತಂತಿಗೆ ಜಿಗಿದ. ಬೀಗ ಹಾಕಿದ ಬಾಗಿಲು. ಅಲ್ಲಿಗೂ ಹೋದೆ. ಆಮೇಲೆ ಅದೇ ತಂತಿಯ ಮೊದಲ ಫ್ರೆಟ್ಟಿನ ಮೇಲೆ ಸುಮ್ಮನೆ ಒಂದು ಬೆರಳಿಟ್ಟ, ನಾನು ತುದಿಗಾಲಿನಲ್ಲಿ ನಿಂತೆ. ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಬೆರಳಿಗೆ ಬಂದಿತ್ತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬಾರಿಸಿರಲಿಲ್ಲ.

ಮುಗಿಸಿದಾಗ ಹಾಡುಗಾರಿಕೆಯ ಮೇಷ್ಟ್ರು ಎದ್ದೇ ನಿಂತರು. ನನ್ನ ಕಡೆ ಬರುತ್ತಿದ್ದಾರೆ ಎಂದುಕೊಂಡು ನಾನೂ ಎದ್ದೆ. ಅವರು ಅಣ್ಣನ ಕೈ ಹಿಡಿದುಕೊಂಡರು.

"ಎಂಥಾ ಸಹವಾದನ ಸರ್. ಒಂದೇ ಸಲಕ್ಕೆ ನಾಲ್ಕು ಮೋಡ್ ತೋರಿಸಿಬಿಟ್ರಲ್ಲ. ತಂಗೀನ ಎಲ್ಲೆಲ್ಲಿ ಕರ್ಕೊಂಡು ಹೋದ್ರಿ."

ಅಣ್ಣ ಒಂದು ಗಳಿಗೆ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ತಲೆ ಸ್ವಲ್ಪ ಬಾಗಿಸಿ, "ಏನಿಲ್ಲ, ಅವಳಿಗೆ ಸ್ವಲ್ಪ ದಾರಿ ತೋರಿಸ್ದೆ ಅಷ್ಟೆ," ಎಂದ.

"ನೀವೂ ಚೆನ್ನಾಗಿ ಹಿಂಬಾಲಿಸಿದ್ರಿ," ಎಂದು ಪ್ರಾಂಶುಪಾಲೆ ನನ್ನ ಬೆನ್ನು ತಟ್ಟಿದರು.

ಮೆಟ್ಟಿಲಿಳಿಯುವಾಗ ಅವನನ್ನು ನಿಲ್ಲಿಸಿ ಕೇಳಿದೆ. "ಯಾಕೆ ಬದಲಾಯಿಸ್ದೆ?"

"ಏನನ್ನ?"

"ತಂತೀನ."

"ಓ, ಅದಾ? ಅದೊಂದನ್ನೇ ಎಷ್ಟು ಹೊತ್ತು ಬಾರಿಸೋದೇ? ಬೇಜಾರಾಯ್ತು."

ಅವನ ಮುಖದಲ್ಲಿ ಕಳ್ಳತನ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೋಸ ಮಾಡಿದವನ ಕೊರಳಪಟ್ಟಿ ಹಿಡಿಯಬಹುದು, ಬೇಜಾರಾದವನನ್ನು ಏನು ಮಾಡುವುದು? ನನ್ನ ಬಾಲ್ಯವೆಲ್ಲ ಕಳೆದ ಜಾಗದಲ್ಲಿ ಅವನು ಒಂದು ಹಾಡಿನಷ್ಟು ಹೊತ್ತು ಕೂರಲಾರದೆ ಹೋಗಿದ್ದ. ಕೆಳಗೆ ಏನು ಬಾರಿಸಿದರೂ ನಡೆಯುತ್ತದೆ ಎಂದೇ ಅವನು ನಂಬಿದ್ದ. ಅಂದರೆ ಇಷ್ಟು ವರ್ಷ ನಾನು ಬಾರಿಸಿದ್ದು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಮುಂದಿನ ವಾರ ಪ್ರಾಂಶುಪಾಲೆ ಕರೆಸಿದರು. ಶಿಕ್ಷಕರ ಹುದ್ದೆಗೆ ಬೇರೆ ಯಾರನ್ನೋ ತೆಗೆದುಕೊಂಡಾಗಿತ್ತು. "ಆದ್ರೆ ನಿಮ್ಮಂಥೋರನ್ನ ಬಿಡೋಕಾಗುತ್ತಾ? ನಿಮ್ಮಣ್ಣನೇ ಒಂದು ಒಳ್ಳೇ ಉಪಾಯ ಹೇಳಿದ್ರು. ಅವರ ತರಗತಿಗೆ ಸಹವಾದಕಿ ಅಂತ ಬನ್ನಿ. ಪಾಠದ ವಿಚಾರ ಮುಂದೆ ನೋಡೋಣ."

ಮೊದಲು ಅವನದ್ದಾಗ್ಲಿ. ಅಪ್ಪನ ಮಾತೇ ಬೇರೆ ಬಾಯಲ್ಲಿ ಕೇಳಿದಂತಾಯಿತು. ಅಂಗಡಿಯಲ್ಲಿ ಕೆಲಸ ಬಿಡುತ್ತೇನೆಂದು ನಾನು ಆಗಲೇ ಜಂಬ ಕೊಚ್ಚಿಕೊಂಡಿದ್ದೆ. ಅಲ್ಲದೆ ಆ 'ಮುಂದೆ' ಎಂಬುದರ ಮೇಲೆ ದರಿದ್ರ ಆಸೆಯೊಂದು ಇನ್ನೂ ಇತ್ತು. ಆಗಲಿ ಎಂದೆ.

ಅಣ್ಣನ ಸಂಜೆಯ ತರಗತಿಗೆ ಬರುತ್ತಿದ್ದವರೆಲ್ಲ ದೊಡ್ಡವರು, ಕೆಲಸ ಮುಗಿಸಿ ಬರುವವರು. ಒಬ್ಬ ದರ್ಜಿ, ಇಬ್ಬರು ಬ್ಯಾಂಕಿನವರು, ಡ್ಯೂಟಿಯ ಬಟ್ಟೆಯಲ್ಲೇ ಓಡಿಬರುವ ಒಬ್ಬ ನರ್ಸ್. "ಇವಳು ನನ್ನ ತಂಗಿ. ಮನೇಲಿ ನಾವು ಗುಂಯಿ ಅಂತೀವಿ," ಎಂದು ಅಣ್ಣ ಪರಿಚಯಿಸಿದ. ಎಲ್ಲರೂ ನಕ್ಕರು. ನರ್ಸ್ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು.

ಒಂದು ಸಂಜೆ ಅವನು ಹಲಗೆಯ ತುಂಬ ಬಾಣಗಳನ್ನು ಬರೆದು, "ಈಗ ಎಲ್ಲಕ್ಕಿಂತ ಸಂತೋಷದ ಮೋಡ್ ಬಾರಿಸ್ತೀನಿ. ಕಣ್ಮುಚ್ಚಿ ಕೇಳಿ, ಏನನ್ನಿಸ್ತೋ ಬರ್ಕೊಳ್ಳಿ," ಎಂದ. ನನ್ನ ಬೆರಳು ಐದನೇ ತಂತಿಯ ಮೂರನೇ ಫ್ರೆಟ್ಟಿನ ಮೇಲಿತ್ತು. ಅವನು ಶುರು ಮಾಡಿದ. ನಾನು ಬೆರಳೆತ್ತಿದೆ, ಅಷ್ಟೆ.

ಕೋಣೆಯ ಬಣ್ಣವೇ ಬದಲಾಯಿತು. ಸೂತಕದ ಮನೆಯಂತಾದ ಆ ಸ್ವರಗಳ ಮೇಲೆ ಅಣ್ಣ ಮುಗುಳ್ನಗುತ್ತಾ, ಕಾಲು ಕುಣಿಸುತ್ತಾ ಬಾರಿಸಿದ. ಈಗ ನಿಲ್ಲಿಸುತ್ತಾನೆ, ಈಗ ತಿರುಗಿ ನೋಡುತ್ತಾನೆ ಎಂದು ಕಾದೆ. ಕೊನೆಯವರೆಗೂ ಬಾರಿಸಿ, "ಹೇಗಿತ್ತು? ಖುಷಿಯಾಯ್ತಲ್ವಾ?" ಎಂದ. ದರ್ಜಿ ತಲೆಯಾಡಿಸಿದ. ಬ್ಯಾಂಕಿನವರು ತಲೆಯಾಡಿಸಿದರು.

ನರ್ಸ್ ಪೆನ್ಸಿಲ್ ಎತ್ತಿದಳು. "ಸರ್, ನಂಗ್ಯಾಕೋ ಇದು ದುಃಖ ಅನ್ನಿಸ್ತು. ಹಾಗೇ ಬರ್ದಿದ್ದೀನಿ."

"ದಿನಾ ರೋಗಿಗಳನ್ನ ನೋಡಿ ನೋಡಿ ಹಾಗಾಗಿದೆ ನಿಮ್ಗೆ," ಎಂದ ಅಣ್ಣ. ತರಗತಿ ಗೊಳ್ಳೆಂದಿತು. "ಕಿವಿ ಇನ್ನೂ ಪಳಗಬೇಕು."

ಅವಳ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. "ಅವರ ಕಿವಿ ಸರಿಯಾಗೇ ಇದೆ," ಎಂದೆ. "ಕೆಳಗಿನ ಸ್ವರ ನಾನು ಬದಲಾಯಿಸ್ದೆ. ಬೇಕಂತಲೇ ಬದಲಾಯಿಸಿದ್ದು. ಅಲ್ಲಿ ಸಂತೋಷ ಇರಲೇ ಇಲ್ಲ."

ಅಣ್ಣ ನನ್ನನ್ನು ನೋಡಿದ. ಬೈಯಲಿ ಎಂದು ಆಸೆಪಟ್ಟೆ. ಅವನ ಮುಖದಲ್ಲಿ ಕರುಣೆಯಿತ್ತು.

"ನೋಡಿ, ಬೆರಳು ಜಾರಿದ್ದನ್ನ ಎಷ್ಟು ಚೆನ್ನಾಗಿ ಒಪ್ಕೊಂಡ್ಲು. ಪರವಾಗಿಲ್ಲ ಗುಂಯಿ, ಎಲ್ಲರಿಗೂ ತಪ್ಪುತ್ತೆ." ಆಮೇಲೆ ತನ್ನ ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಅದರಿಂದೇನೂ ವ್ಯತ್ಯಾಸ ಆಗಲ್ಲ. ಮೋಡ್ ಇರೋದು ಇಲ್ಲಿ."

ಅಷ್ಟು ಜನರೆದುರು ಅವನು ನನ್ನನ್ನು ಕ್ಷಮಿಸಿಬಿಟ್ಟ. ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನರ್ಸ್ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವನನ್ನು ನೋಡಿದಳು. ನಾನು ಅವಳನ್ನೇ ನೋಡುತ್ತಿದ್ದೆ, ಬದಲಾಯಿಸಬೇಡ ಎಂದು ತಲೆ ಅಲ್ಲಾಡಿಸಿದೆ. ಅವಳು ಪೆನ್ಸಿಲನ್ನು ತಿರುಗಿಸಿ, ಬರೆದದ್ದನ್ನು ಅಳಿಸಿ, ರಬ್ಬರಿನ ಪುಡಿಯನ್ನು ಊದಿದಳು. ಪಕ್ಕದ ದರ್ಜಿಯ ಪುಸ್ತಕ ನೋಡಿಕೊಂಡು ಸಂತೋಷ ಎಂದು ಬರೆದಳು.

"ಹೂಂ, ಇನ್ನೊಂದ್ಸಲ. ಗುಂಯಿ, ಈ ಸಲ ಗಮನ ಇಟ್ಟು."

ನಾನು ತಂತಿಗಳು ನುಡಿಯದಂತೆ ಅವುಗಳ ಮೇಲೆ ಅಂಗೈಯಿಟ್ಟೆ. ಅವನು ಕಾಯಲಿಲ್ಲ, ಬಾರಿಸತೊಡಗಿದ. ಕೆಳಗೆ ಏನೂ ಇರಲಿಲ್ಲ. ಏಳು ಸ್ವರಗಳು ಯಾವ ಮನೆಯೂ ಇಲ್ಲದೆ ಮೇಲಕ್ಕೂ ಕೆಳಕ್ಕೂ ಅಲೆದವು. ಯಾರಾದರೂ ತಲೆಯೆತ್ತಿ ನನ್ನ ಕಡೆ ನೋಡುತ್ತಾರೆಯೇ ಎಂದು ಒಬ್ಬೊಬ್ಬರನ್ನೇ ನೋಡಿದೆ. ಎಲ್ಲರೂ ಕಣ್ಣು ಮುಚ್ಚಿಕೊಂಡು, ಮುಖದಲ್ಲಿ ಒಂದು ನಗು ತಂದುಕೊಂಡು ಕೇಳುತ್ತಿದ್ದರು. ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಹೆಗಲಿಗೇರಿಸಿಕೊಂಡೆ. ಬಾಗಿಲ ಬಳಿ ಹೋದಾಗ ಅಣ್ಣ ಬಾರಿಸುತ್ತಲೇ ಕೇಳಿದ, "ಹೊರಗೆ ಹೋಗ್ತಿದ್ದೀಯಾ? ಹಾಗೇ ನಮ್ಮಿಬ್ರಿಗೂ ಟೀ ಹೇಳ್ಬಿಡು."

ಕ್ಯಾಂಟೀನಿನವನು ಲೋಟ ತೊಳೆಯುತ್ತಿದ್ದ. ನನ್ನನ್ನು ನೋಡಿ, ಕೇಳುವ ಮೊದಲೇ ಎರಡು ಲೋಟ ಮುಂದಿಟ್ಟ. ನಾನು ಒಂದನ್ನು ಹಿಂದಕ್ಕೆ ಸರಿಸಿದೆ.

"ಒಂದು ಸಾಕು, ಅಣ್ಣನಿಗೆ ಮಾತ್ರ," ಎಂದೆ. "ನಾಳೆಯಿಂದಾನೂ ಒಂದೇ."