ಬುಡಾಪೆಸ್ಟಿನ ನಮ್ಮವರು

ಬಸ್ಸಿಂದ ಇಳಿದ ವೆಂಡೆಲ್ ಮೇಷ್ಟ್ರು ಬುಡಾಪೆಸ್ಟಿನ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ರಾತ್ರಿಯಿಡೀ ಮೈ ಕುಲುಕಿಸಿಕೊಂಡು ಬಂದ ಮಕ್ಕಳು ಆಕಳಿಸುತ್ತಿದ್ದರು.

"ಏ ಹುಬಾ, ಬಾಯಿ ಮುಚ್ಚೋ! ನಮ್ಮ ರಾಜಧಾನಿಗೆ ಬಂದು ಆಕಳಿಸ್ತೀಯಲ್ಲೋ!"

"ನಮ್ಮ ರಾಜಧಾನಿ ಬುಖಾರೆಸ್ಟ್ ಅಲ್ವಾ ಸರ್?" ಎಂದ ಹುಬಾ, ಹಲ್ಲು ಕಿರಿಯುತ್ತ.

"ಅದು ಕಾಗದದ ಮೇಲೆ ಕಣೋ, ಕತ್ತೆ."

ಕಾಗದದ ಮೇಲೆಯೇ ಸರಿ. ನೂರು ವರ್ಷದ ಹಿಂದೆ ದೊಡ್ಡ ಮನುಷ್ಯರು ಯಾರೋ ನಕ್ಷೆಯ ಮೇಲೆ ಗೆರೆ ಎಳೆದು ಇವರ ಟ್ರಾನ್ಸಿಲ್ವೇನಿಯವನ್ನು ಹಂಗೇರಿಯಿಂದ ಕಿತ್ತು ರುಮೇನಿಯಕ್ಕೆ ಕೊಟ್ಟರು. ಮನೆಯ ಮಾತು ಹಂಗೇರಿಯನ್ ಆಗಿಯೇ ಉಳಿಯಿತು. ಅಂಗಡಿ ಸಾಲಿನಲ್ಲಿ ಅದನ್ನಾಡಿದರೆ "ಹೋಗ್ರೋ ನಿಮ್ಮ ದೇಶಕ್ಕೆ, ಗತಿಗೆಟ್ಟವರೇ" ಎಂದು ಬೈಸಿಕೊಳ್ಳುವುದು ಈ ಮಕ್ಕಳಿಗೆ ಮಾಮೂಲು. ಒಮ್ಮೆ ಶಾಲೆಯ ಅಂಗಳದಲ್ಲೇ ರುಮೇನಿಯನ್ ಇನ್ಸ್‌ಪೆಕ್ಟರನೊಬ್ಬ ಹೀಗಂದಾಗ, ಮೇಷ್ಟ್ರು ಮಕ್ಕಳೆದುರೇ ಅವನ ನೀರಿಳಿಸಿದ್ದರು.

ಈ ಪ್ರವಾಸ ನಿಜಕ್ಕೂ ಬೊರೋಕಾಳಿಗಾಗಿ. ಜಾಣೆ, ಮಾತು ಕಡಿಮೆ, ತಾಯಿ ರುಮೇನಿಯನ್ ಮನೆಮಾತಿನವಳು. ಬರುವ ವರ್ಷ ಅವಳು ರುಮೇನಿಯನ್ ಶಾಲೆಗೆ ಸೇರಿಬಿಟ್ಟರೆ, ಮೇಷ್ಟ್ರ ಹಂಗೇರಿಯನ್ ತರಗತಿಗೆ ಮಕ್ಕಳು ಸಾಲದೆ ಸರ್ಕಾರ ಬಾಗಿಲು ಹಾಕುತ್ತದೆ. ಅವಳಪ್ಪ "ಬುಡಾಪೆಸ್ಟ್ ನೋಡ್ಕೊಂಡು ಬರಲಿ, ಆಮೇಲೆ ಅವಳು ಹೇಳಿದ ಹಾಗೆ" ಎಂದು ಕೈತೊಳೆದುಕೊಂಡಿದ್ದ. ಒಮ್ಮೆ ನೋಡಿದಳೆಂದರೆ ಸಾಕು, ರಕ್ತ ತಾನಾಗಿ ಮಾತಾಡುತ್ತದೆ ಎಂದು ಮೇಷ್ಟ್ರು ನಂಬಿದ್ದರು. ಪಾಪ!

ಕೋಟೆಗುಡ್ಡದ ಮೇಲೆ ಒಬ್ಬಾಕೆ ಸುರುಳಿ ರೊಟ್ಟಿ ಸುಡುತ್ತಿದ್ದಳು. ಹಿಟ್ಟಿನ ಪಟ್ಟಿಯನ್ನು ಮರದ ಕೊರಡಿಗೆ ಸುತ್ತಿ, ಸಕ್ಕರೆ ಉದುರಿಸಿ, ಕೆಂಡದ ಮೇಲೆ ತಿರುಗಿಸುವ ರೊಟ್ಟಿ. ಈ ಮಕ್ಕಳ ಅಜ್ಜಿಯರೆಲ್ಲ ಅದರಲ್ಲಿ ಪಳಗಿದ ಕೈಗಳು.

"ಎಲ್ಲಿಂದ ಬಂದ್ರಿ ಮಕ್ಳಾ? ರುಮೇನಿಯಾನಾ! ಅಯ್ಯೋ ನನ್ನ ಬಂಗಾರಗಳಾ, ಹಂಗೇರಿಯನ್ ಎಷ್ಟು ಚೆನ್ನಾಗಿ ಮಾತಾಡ್ತೀರಿ! ಎಲ್ಲಿ ಕಲಿತ್ರಿ?"

"ಅಮ್ಮನ ಹೊಟ್ಟೇಲಿ," ಎಂದ ಹುಬಾ.

ಆಕೆ ಖುಷಿಯಾಗಿ ನಕ್ಕಳು. "ಇದನ್ನ ತಿಂದು ನೋಡಿ. ಇಂಥದ್ದು ನಿಮ್ಮ ಕಡೆ ಎಲ್ಲಿ ಸಿಗತ್ತೆ!"

ಬೊರೋಕಾ ರೊಟ್ಟಿ ಕೈಯಲ್ಲಿ ಹಿಡಿದು ಮೇಷ್ಟ್ರ ಮುಖ ನೋಡಿದಳು. "ಪಾಪ, ಆಕೆಗೆ ಗೊತ್ತಿಲ್ಲಮ್ಮ. ಪ್ರೀತಿಯಿಂದಲೇ ಅಂದಿದ್ದು," ಎಂದರು ಮೇಷ್ಟ್ರು. ಪ್ರೀತಿಯಿಂದಲೇ ಅಂದಿದ್ದಳು, ಅದೇ ಉರಿ.

ಮುಂದೆ ನದಿ ಕಾಣುವ ಬುರುಜಿನ ಬಳಿ ಬುಡಾಪೆಸ್ಟಿನದೇ ಒಂದು ಶಾಲೆಯ ಮಕ್ಕಳಿದ್ದರು. ಇವರ ಟೋಪಿಗಳ ಮೇಲೆ ಬಸ್ ಕಂಪನಿಯವರು ಹಚ್ಚಿಕೊಟ್ಟ ರುಮೇನಿಯದ ಬಾವುಟ ಅವರ ಟೀಚರಮ್ಮನ ಕಣ್ಣಿಗೆ ಬಿತ್ತು.

"ಬ್ಯಾಗು ಮುಂದಕ್ಕೆ ಹಾಕ್ಕೊಳ್ಳಿ ಮಕ್ಕಳೇ, ಫೋನು ಜೇಬಿಗೆ. ರುಮೇನಿಯದವ್ರು ಬಂದ್ರು."

ಇವರಿಗೆಲ್ಲಿ ಅರ್ಥವಾದೀತು ಎಂದು ದನಿಯನ್ನೂ ತಗ್ಗಿಸಲಿಲ್ಲ. ಒಂದಕ್ಷರ ಬಿಡದೆ ಎಲ್ಲರಿಗೂ ಅರ್ಥವಾಯಿತು. ಆ ಮಕ್ಕಳು ನಿಜಕ್ಕೂ ಬ್ಯಾಗುಗಳನ್ನು ಎದೆಗವಚಿಕೊಂಡರು. ಹುಬಾನ ಕಿವಿ ಕೆಂಪಾದವು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಈಗ ನೋಡಿ, ಮೇಷ್ಟ್ರು ಝಾಡಿಸ್ತಾರೆ!

ಮೇಷ್ಟ್ರ ಬಾಯಿ ತೆರೆಯಿತು. ಆಮೇಲೆ, "ಬನ್ನಿ ಬನ್ನಿ, ಇಲ್ಲಿಂದ ನದಿ ಚೆನ್ನಾಗಿ ಕಾಣತ್ತೆ," ಎಂದು ಹೇಳಿ ಮುಂದೆ ನಡೆದುಬಿಟ್ಟರು.

ನದಿಯನ್ನು ಯಾರೂ ನೋಡಲಿಲ್ಲ. ಬೊರೋಕಾ ಮೇಷ್ಟ್ರ ಪಕ್ಕಕ್ಕೆ ಬಂದು ನಿಂತಳು.

"ಊರಲ್ಲಿ ಆ ಇನ್ಸ್‌ಪೆಕ್ಟರಿಗೆ ಉಗಿದ್ರಲ್ಲ ಸರ್. ಇವಳಿಗೆ ಯಾಕೆ ಏನೂ ಅನ್ನಲಿಲ್ಲ?"

"ಅವನು ಹೊರಗಿನವನಮ್ಮಾ. ಇವರು... ಎಷ್ಟಾದ್ರೂ ನಮ್ಮವರು."

"ಅವರಿಗದು ಗೊತ್ತಾ ಸರ್?"

ಮೇಷ್ಟ್ರಿಗೆ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ನಾನು ಅಮ್ಮನ ಭಾಷೆಯ ಶಾಲೆಗೇ ಸೇರ್ತೀನಿ," ಎಂದಳು ಬೊರೋಕಾ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮೇಷ್ಟ್ರಿಗೊಂದು ದಾರಿಯಾದರೂ ಇರುತ್ತಿತ್ತು. "ಅಲ್ಲೂ ಬೈತಾರೆ, ಗೊತ್ತು. ಆದ್ರೆ ಅವರು ಬೈದಾಗ ನಮ್ಮ ಪರ ನೀವಿರ್ತೀರಿ."

"ಬೊರೋಕಾ, ಕೇಳಿಲ್ಲಿ ಮಗಳೇ..."

ಅವಳು ಕೇಳಿಸಿಕೊಳ್ಳಲು ನಿಂತೇ ಇದ್ದಳು.

ಹುಬಾ ದೂರದಿಂದ ಕೂಗಿದ: "ಸರ್, ಮುಂದೇನು? ಇನ್ನೂ ಏನೇನು ತೋರಿಸ್ತೀರಿ?"

ನೋಡುವುದು ಬೇಕಾದಷ್ಟಿತ್ತು. ಪ್ರವಾಸದಲ್ಲಿ ಇನ್ನೂ ಎರಡು ದಿನ ಉಳಿದಿತ್ತು.